ಮಲಗಿರುವವರ ಊರಿನಲ್ಲಿ



ನವೆಂಬರ್ ತಿಂಗಳು ಹತ್ತಿರವಾಯಿತೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ಕಳೆ ಕೀಳುವ ಕೆಲಸ ಶುರುವಾಗುತ್ತದೆ. ವರ್ಷವಿಡೀ ಯಾರೂ ತಿರುಗಿ ನೋಡದ ಸಿಮೆಟ್ರಿಯಲ್ಲಿ ಕುಡುಗೋಲು, ಗುದ್ದಲಿ, ಸುಣ್ಣದ ಬಕೆಟ್ಟುಗಳ ಓಡಾಟ. ಎರಡನೇ ತಾರೀಖು ಸತ್ತವರ ಹಬ್ಬ. ಪೂಜೆ, ಸಮಾಧಿಗಳ ಆಶೀರ್ವಾದ, ಹೂವು, ಮೇಣದಬತ್ತಿ. ಮೂರನೇ ತಾರೀಖು ಬೆಳಿಗ್ಗೆ ಹೋಗಿ ನೋಡಿದರೆ ಯಾರದೋ ಮೇಕೆಗಳು ಚೆಂಡು ಹೂವನ್ನು ಮೇಯುತ್ತಿರುತ್ತವೆ. ಅಲ್ಲಿಗೆ ನಮ್ಮ ನೆನಪಿನ ಕೆಲಸ ಮುಗಿಯಿತು, ಮುಂದಿನ ವರ್ಷ ನೋಡಿಕೊಳ್ಳೋಣ ಎಂಬಂತೆ.

ಇದನ್ನು ನಾನು ಬೇರೆಯವರನ್ನು ದೂರಲು ಬರೆಯುತ್ತಿಲ್ಲ. ನನ್ನದೂ ಅದೇ ಕಥೆಯಾಗಿತ್ತು. 2024ರ ಸತ್ತವರ ಹಬ್ಬದ ದಿನ ನಮ್ಮ ಮನೆಯಲ್ಲಿ ಒಂದು ಜಗಳವೇ ನಡೆದುಹೋಯಿತು. ನನ್ನ ತಾತನ ಸಮಾಧಿಯ ಮೇಲೆ ಒಂದು ಹಳೆಯ ಚಪ್ಪಡಿ ಕಲ್ಲು ನಿಂತಿದೆ. ಅದರಲ್ಲಿ ಒಂದು ಶಿಲುಬೆ, ಅದರ ಕೆಳಗೆ ಕನ್ನಡದಲ್ಲಿ ನಾಲ್ಕು ಸಾಲು. ಮಳೆಗೆ, ಬಿಸಿಲಿಗೆ, ವರ್ಷವರ್ಷವೂ ಬಳಿದ ಸುಣ್ಣಕ್ಕೆ ಅಕ್ಷರಗಳು ಮುಚ್ಚಿಹೋಗಿ ತಾತನ ಹೆಸರಿನ ಕೊನೆಯ 'ಯಪ್ಪ' ಅನ್ನುವುದು ಮಾತ್ರ ಕಾಣುತ್ತಿತ್ತು. ಅಣ್ಣನ ಮಗ ಅದನ್ನು ತೆಗೆಸಿ ಕರಿ ಗ್ರಾನೈಟ್ ಕಲ್ಲು ಹಾಕಿಸೋಣ, ಖರ್ಚೆಲ್ಲ ನನ್ನದು ಎಂದ. ಬರಹ ತಮಿಳಿನಲ್ಲಿ ಮತ್ತು ಇಂಗ್ಲಿಷಿನಲ್ಲಿ.

"ಚಿಕ್ಕಪ್ಪ, ಈ ಕಲ್ಲನ್ನ ಓದೋರು ಯಾರಿದ್ದಾರೆ ಹೇಳಿ? ನಾನು ಓದಿದ್ದು ತಮಿಳು ಸ್ಕೂಲಲ್ಲಿ. ಮನೇಲಿ ಮಾತಾಡೋದು ಬರತ್ತೆ, ಅಕ್ಷರ ಬರಲ್ಲ. ನನ್ನ ಮಕ್ಕಳಿಗಂತೂ ಕೇಳಲೇಬೇಡಿ. ಓದಕ್ಕೆ ಬರದೇ ಇರೋ ಕಲ್ಲು ಇದ್ದು ಏನು ಪ್ರಯೋಜನ?" ಎಂದು ಕೇಳಿದ.

ಹೊಸೂರು ಸೀಮೆಯ ನಮ್ಮಂಥ ಊರುಗಳವರಿಗೆ ಈ ಮಾತು ಹೊಸದಲ್ಲ. ಆದರೂ ನನಗೆ ಸಿಟ್ಟು ಬಂತು. ತಾತ ಕನ್ನಡದಲ್ಲಿ ಜಪ ಮಾಡಿದವರು, ಕನ್ನಡದಲ್ಲಿ ಪಾಪನಿವೇದನೆ ಮಾಡಿ ಕಣ್ಣುಮುಚ್ಚಿದವರು, ಅವರ ಕಲ್ಲಿಗೆ ಕೈ ಹಚ್ಚಬೇಡ ಎಂದೆ. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಅವನು, "ಆಗಲಿ ಚಿಕ್ಕಪ್ಪ, ಆ ಕಲ್ಲಿನ ಹತ್ರ ನೀವು ವರ್ಷಕ್ಕೆ ಎಷ್ಟು ಸಾರಿ ಹೋಗ್ತೀರಿ?" ಎಂದ. ನನ್ನ ಬಾಯಿ ಕಟ್ಟಿತು. ಆಮೇಲೆ ಎಷ್ಟೋ ತಿಂಗಳು ನಾವಿಬ್ಬರೂ ಸರಿಯಾಗಿ ಮಾತನಾಡಲಿಲ್ಲ.

ಇದೇ ಮನಸ್ಸನ್ನು ಹೊತ್ತುಕೊಂಡು ನಾನು 2025ರ ಪವಿತ್ರ ವರ್ಷದಲ್ಲಿ ಒಂದು ಯಾತ್ರೆಯ ತಂಡದ ಜೊತೆ ರೋಮಾಪುರಿಗೆ ಹೋದೆ. ನಾಲ್ಕು ಮಹಾದೇವಾಲಯಗಳ ಪವಿತ್ರ ದ್ವಾರ ದಾಟಿದ್ದನ್ನು ಇನ್ನೊಮ್ಮೆ ಬರೆಯುತ್ತೇನೆ. ಇಂದು ಹೇಳಬೇಕಾದದ್ದು ಒಂದು ಮಧ್ಯಾಹ್ನದ ಸಂಗತಿ. ಅಂದು ನಮ್ಮನ್ನು ಕರೆದುಕೊಂಡು ಹೋದದ್ದು ಸಂತ ಕಲಿಸ್ಟಸರ ಕ್ಯಾಟಕೂಂಬಿಗೆ, ಅಂದರೆ ನೆಲದಡಿಯ ಸಮಾಧಿಭೂಮಿಗೆ.

ಊರಾಚೆಯ ದಾರಿ

ರೋಮಿನ ಹಳೆಯ ಕೋಟೆಗೋಡೆಯಲ್ಲಿ ಸಂತ ಸೆಬಾಸ್ಟಿಯನರ ಹೆಸರಿನ ಒಂದು ಹೆಬ್ಬಾಗಿಲಿದೆ. ಅದನ್ನು ದಾಟಿದರೆ ಆಪ್ಪಿಯನ್ ದಾರಿ. ಕ್ರಿಸ್ತಪೂರ್ವ 312ರಲ್ಲಿ ಹಾಕಲು ಶುರುಮಾಡಿದ ಕಲ್ಲುಹಾಸಿನ ರಸ್ತೆ ಅದು. ಸತ್ತವರನ್ನು ನಗರದೊಳಗೆ ಹೂಳಬಾರದು, ಸುಡಲೂಬಾರದು ಎಂದು ರೋಮನರ ಹಳೆಯ ಕಾನೂನು ಇತ್ತು. ಆದ್ದರಿಂದ ಸಮಾಧಿಗಳೆಲ್ಲ ಊರಾಚೆ, ಇಂಥ ದಾರಿಗಳ ಎರಡೂ ಮಗ್ಗುಲಲ್ಲಿ. ಶ್ರೀಮಂತರು ನೆಲದ ಮೇಲೆ ಮಂಟಪ ಕಟ್ಟಿಸಿಕೊಂಡರು. ಹೆಚ್ಚು ಜಾಗ ಕೊಳ್ಳಲಾಗದ ಸಮುದಾಯಗಳು ನೆಲದ ಒಳಗೆ ಇಳಿದವು.

ಮೇಲೆ ನೋಡಿದರೆ ಏನೂ ಇಲ್ಲ. ಹುಲ್ಲು, ಸೈಪ್ರಸ್ ಮರಗಳು, ಒಂದು ಟಿಕೆಟ್ ಕಿಟಕಿ. ಕ್ಯಾಟಕೂಂಬಿನೊಳಗೆ ಯಾರೂ ತಮ್ಮಷ್ಟಕ್ಕೆ ತಾವೇ ಹೋಗುವಂತಿಲ್ಲ, ಮಾರ್ಗದರ್ಶಿಯ ಜೊತೆಗೇ ಇಳಿಯಬೇಕು. ಫೋಟೋ ತೆಗೆಯುವಂತಿಲ್ಲ. ನಮ್ಮ ತಂಡಕ್ಕೆ ಸಿಕ್ಕವರು ವಯಸ್ಸಾದ ಒಬ್ಬ ಗುರುಗಳು. ಅವರು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳುವರು, ನಮ್ಮ ಜೊತೆ ಬಂದಿದ್ದ ಸ್ವಾಮಿಯವರು ಅದನ್ನು ಕನ್ನಡಕ್ಕೆ ತಿರುಗಿಸುವರು.

ಕೆಳಗೆ ಇಳಿಯುವ ಮುಂಚೆಯೇ ಅವರು ಎರಡು ಮಾತು ಹೇಳಿದರು. ಮೊದಲನೆಯದು, "ಹಿಂಸೆಯ ಕಾಲದಲ್ಲಿ ಕ್ರೈಸ್ತರು ಇಲ್ಲಿ ಅಡಗಿ ಬಾಳಿದರು ಎಂದು ನೀವು ಕೇಳಿರಬಹುದು, ಸಿನಿಮಾದಲ್ಲಿ ನೋಡಿರಬಹುದು. ಅದು ಸರಿಯಲ್ಲ. ಇದು ವಾಸದ ಜಾಗವೂ ಅಲ್ಲ, ಬಚ್ಚಿಟ್ಟುಕೊಳ್ಳುವ ಜಾಗವೂ ಅಲ್ಲ. ಇದು ಎಲ್ಲರಿಗೂ ಗೊತ್ತಿದ್ದ ಸಮಾಧಿಭೂಮಿ. ಸತ್ತವರನ್ನು ಹೂಳಲು, ಅವರಿಗಾಗಿ ಪ್ರಾರ್ಥಿಸಲು ಬರುತ್ತಿದ್ದರು."

ಎರಡನೆಯದು ಒಂದು ಪದದ ಅರ್ಥ. ನಾವು ದಿನವೂ ಅನ್ನುವ ಸಿಮೆಟ್ರಿ ಎಂಬ ಮಾತು ಗ್ರೀಕ್ ಭಾಷೆಯಿಂದ ಬಂದದ್ದು. ಅದರ ಮೂಲ 'ಕೊಯ್ಮೆತೇರಿಯೊನ್'. ಅಂದರೆ ಮಲಗುವ ಜಾಗ, ನಿದ್ರಿಸುವ ಮನೆ. ಮಲಗಿದವರು ಬೆಳಗಾದಾಗ ಏಳುತ್ತಾರೆ. ಪುನರುತ್ಥಾನವನ್ನು ನಂಬಿದ ಜನ ತಮ್ಮ ಸಮಾಧಿಭೂಮಿಗೆ ಆ ಹೆಸರನ್ನು ಇಷ್ಟಪಟ್ಟು ಇಟ್ಟುಕೊಂಡರು. ನಮ್ಮ ಊರಿನಲ್ಲಿ ಸಿಮೆಟ್ರಿ ಎಂದರೆ ಮಕ್ಕಳು ಹೆದರುತ್ತಾರೆ. ಹೆದರಬೇಡಿ ಎನ್ನುವ ಮಾತು ಆ ಪದದಲ್ಲೇ ಇದೆಯೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಗೋಡೆಯೊಳಗಿನ ಗೂಡುಗಳು

ಮೆಟ್ಟಿಲು ಇಳಿಯುತ್ತಿದ್ದಂತೆ ಬಿಸಿಲಿನ ಧಗೆ ಹೋಗಿ ತಣ್ಣಗಾಯಿತು. ಇಬ್ಬರು ಒಟ್ಟಿಗೆ ನಡೆಯಲು ಕಷ್ಟವಾಗುವಂಥ ಇಕ್ಕಟ್ಟಾದ ಓಣಿಗಳು. ಎರಡೂ ಕಡೆಯ ಗೋಡೆಗಳಲ್ಲಿ ಕಪಾಟಿನ ಅರೆಗಳಂತೆ ಒಂದರ ಮೇಲೊಂದು ಉದ್ದುದ್ದ ಗೂಡುಗಳು. ಸತ್ತವರನ್ನು ಬಟ್ಟೆಯಲ್ಲಿ ಸುತ್ತಿ ಅದರಲ್ಲಿ ಮಲಗಿಸಿ, ಬಾಯಿಗೆ ಹೆಂಚನ್ನೋ ಅಮೃತಶಿಲೆಯ ಹಲಗೆಯನ್ನೋ ಇಟ್ಟು ಗಾರೆ ಮೆತ್ತಿ ಮುಚ್ಚುತ್ತಿದ್ದರು. ಈಗ ಹೆಚ್ಚಿನವು ಬರಿದಾಗಿ ತೆರೆದುಕೊಂಡಿವೆ.

ರೋಮಿನ ಸುತ್ತಲಿನ ನೆಲದಡಿ ಇರುವುದು ಜ್ವಾಲಾಮುಖಿಯ ಬೂದಿಯಿಂದಾದ ಟುಫಾ ಎಂಬ ಮೆದುಕಲ್ಲು. ಅಗೆಯುವಾಗ ಮೆತ್ತಗೆ, ಗಾಳಿ ತಾಗಿದ ಮೇಲೆ ಗಟ್ಟಿ. ಅದಕ್ಕೇ ಇಷ್ಟು ಆಳ ಇಳಿಯಲು ಸಾಧ್ಯವಾಯಿತು. ಈ ಒಂದು ಸಮಾಧಿಭೂಮಿಯಲ್ಲೇ ನಾಲ್ಕು ಅಂತಸ್ತು, ಇಪ್ಪತ್ತು ಮೀಟರಿಗೂ ಹೆಚ್ಚು ಆಳ, ಓಣಿಗಳ ಒಟ್ಟು ಉದ್ದ ಸುಮಾರು 20 ಕಿಲೋಮೀಟರ್. ಎಣ್ಣೆದೀಪದ ಬೆಳಕಿನಲ್ಲಿ ಹಾರೆ ಹಿಡಿದು ಅಗೆದು, ಮಣ್ಣನ್ನು ಬುಟ್ಟಿಗಳಲ್ಲಿ ಮೇಲೆ ಸಾಗಿಸಿದ ಕೆಲಸಗಾರರಿಗೆ 'ಫೊಸ್ಸೋರ್' ಎಂದು ಹೆಸರು. ನಮ್ಮ ಊರಿನ ಗುಂಡಿ ತೋಡುವವರ ಹಾಗೆ. ಆದರೆ ಅವರ ಕೆಲಸವನ್ನು ಧರ್ಮಸಭೆ ಒಂದು ಸೇವೆಯೆಂದೇ ಗೌರವಿಸಿತು. ಕ್ಯಾಟಕೂಂಬಿನ ಗೋಡೆಗಳ ಮೇಲೆ ಅವರ ಚಿತ್ರಗಳೂ ಇವೆ. ನಮ್ಮಲ್ಲಿ ಗುಂಡಿ ತೋಡಿದವನಿಗೆ ಕೂಲಿ ಕೊಟ್ಟು ಕಳಿಸುತ್ತೇವೆ, ಅವನ ಹೆಸರು ಕೇಳಿದವರು ಎಷ್ಟು ಮಂದಿ?

ಮಾರ್ಗದರ್ಶಿಗಳು ಕೈದೀಪವನ್ನು ಒಂದು ಕಡೆ ಹಿಡಿದರು. ಅಲ್ಲಿನ ಗೂಡುಗಳು ಒಂದೂವರೆ ಎರಡು ಅಡಿ ಉದ್ದದವು. ಮಕ್ಕಳವು. ಅಂಥವು ಒಂದೆರಡಲ್ಲ, ಸಾಲುಸಾಲು. ಆಗಿನ ಕಾಲದಲ್ಲಿ ಎಳೆಯ ಮಕ್ಕಳ ಸಾವು ಅಷ್ಟು ಹೆಚ್ಚಾಗಿತ್ತು. ನಮ್ಮ ತಂಡದಲ್ಲಿದ್ದ ಅಜ್ಜಿಯೊಬ್ಬರು ಅಲ್ಲಿಯೇ ನಿಂತುಬಿಟ್ಟರು. ಅವರು ತಮ್ಮ ಎರಡು ಕೂಸುಗಳನ್ನು ಮಣ್ಣಿಗೆ ಕೊಟ್ಟವರೆಂದು ಆಮೇಲೆ ತಿಳಿಯಿತು.

"ಇವಕ್ಕೆಲ್ಲ ಹೆಸರು ಇಲ್ವಾ ಫಾದರ್?" ಎಂದು ಅಜ್ಜಿ ಕೇಳಿದರು.

ಎಷ್ಟೋ ಗೂಡುಗಳಿಗೆ ಹೆಸರಿಲ್ಲ ಎಂದರು ಗುರುಗಳು. ಕಲ್ಲಿನಲ್ಲಿ ಬರೆಸಲು ಬಡವರಿಗೆ ಹಣವಿರಲಿಲ್ಲ, ಬರೆದರೂ ಓದಲು ಎಷ್ಟೋ ಜನಕ್ಕೆ ಬರುತ್ತಿರಲಿಲ್ಲ. ಆದರೆ ಗಾರೆ ಹಸಿಯಾಗಿರುವಾಗಲೇ ಅದರಲ್ಲಿ ಒಂದು ನಾಣ್ಯವನ್ನೋ, ಕಪ್ಪೆಚಿಪ್ಪನ್ನೋ, ಗಾಜಿನ ಬಟ್ಟಲಿನ ತಳವನ್ನೋ, ಮಗುವಿನ ಗೊಂಬೆಯನ್ನೋ ಒತ್ತಿಡುತ್ತಿದ್ದರು. ಮತ್ತೆ ಬಂದಾಗ ಇದೇ ನಮ್ಮವರ ಗೂಡು ಎಂದು ಗುರುತು ಸಿಗಬೇಕಲ್ಲ, ಅದಕ್ಕೆ.

ಈ ಮಾತು ನನ್ನ ಎದೆಯಲ್ಲಿ ನಿಂತಿತು. ಓದಲು ಬಾರದ ತಾಯಿ ಗೊಂಬೆಯ ಗುರುತು ಹಿಡಿದು ಕತ್ತಲೆಯ ಓಣಿಗಳಲ್ಲಿ ತನ್ನ ಮಗುವಿನ ಹತ್ತಿರ ಬರುತ್ತಿದ್ದಳು. ನನಗೆ ಓದಲು ಬರುತ್ತದೆ, ಕನ್ನಡದ ಕಲ್ಲಿದೆ, ದಾರಿಯೂ ಹತ್ತಿರ. ನಾನು ಹೋಗುತ್ತಿದ್ದದ್ದು ವರ್ಷಕ್ಕೆ ಒಂದು ಸಲ.

ಗ್ರೀಕ್ ಅಕ್ಷರಗಳ ಜಗದ್ಗುರುಗಳು

ಓಣಿ ತಿರುಗಿದಾಗ ಸ್ವಲ್ಪ ದೊಡ್ಡ ಕೋಣೆಯೊಂದು ಸಿಕ್ಕಿತು. ಇದು ಜಗದ್ಗುರುಗಳ ಸಮಾಧಿ ಕೋಣೆ. ಮೂರನೇ ಶತಮಾನದ ಒಂಬತ್ತು ಮಂದಿ ಪೋಪರನ್ನು ಇಲ್ಲಿ ಮಲಗಿಸಿದ್ದರು. ಅವರಲ್ಲಿ ಐವರ ಹೆಸರಿನ ಮೂಲ ಕಲ್ಲುಗಳು ಇಂದಿಗೂ ಇವೆ. ಪೊಂಟಿಯನ್, ಆಂಟೆರಸ್, ಫೇಬಿಯನ್, ಲೂಸಿಯಸ್, ಯೂಟಿಕಿಯನ್. ದೊಡ್ಡ ದೊಡ್ಡ ಬಿರುದುಗಳಿಲ್ಲ. ಹೆಸರು, ಕೆಲವರ ಹೆಸರಿನ ಮುಂದೆ ಧರ್ಮಾಧ್ಯಕ್ಷ ಎಂಬ ಪದ, ಅಷ್ಟೇ.

"ಈ ಅಕ್ಷರ ಯಾವ ಭಾಷೆಯದು ಗೊತ್ತೆ?" ಎಂದು ಮಾರ್ಗದರ್ಶಿಗಳು ಕೇಳಿದರು. ರೋಮಿನಲ್ಲಿದ್ದೇವೆ, ಲ್ಯಾಟಿನ್ ಇರಬೇಕು ಎಂದೆವು. ಅಲ್ಲ, ಗ್ರೀಕ್. ರೋಮಿನ ಮೊದಲ ಕ್ರೈಸ್ತರಲ್ಲಿ ಬಹಳ ಮಂದಿ ಪೂರ್ವದ ನಾಡುಗಳಿಂದ ಬಂದು ನೆಲೆಸಿದವರು, ಗ್ರೀಕ್ ಮಾತನಾಡುವವರು. ಸಂತ ಪೌಲರು ರೋಮಿನವರಿಗೆ ಪತ್ರ ಬರೆದದ್ದೂ ಗ್ರೀಕಿನಲ್ಲೇ. ಸುತ್ತಲಿನ ಊರೆಲ್ಲ ಲ್ಯಾಟಿನ್ ಆಡುತ್ತಿದ್ದರೂ ಇವರು ಪೂಜೆಗೆ, ಪ್ರಾರ್ಥನೆಗೆ, ಸಮಾಧಿಯ ಕಲ್ಲಿಗೆ ತಮ್ಮ ಮಾತನ್ನೇ ಬಹುಕಾಲ ಉಳಿಸಿಕೊಂಡಿದ್ದರು. ಆಮೇಲೆ ಮಕ್ಕಳು, ಮೊಮ್ಮಕ್ಕಳು ಲ್ಯಾಟಿನ್ನಿಗೆ ಹೊರಳಿದರು. 253ರಲ್ಲಿ ದೇಶಾಂತರದಲ್ಲಿ ತೀರಿಕೊಂಡ ಜಗದ್ಗುರು ಕೊರ್ನೇಲಿಯಸರ ಸಮಾಧಿ ಇದೇ ಭೂಮಿಯ ಬೇರೊಂದು ಭಾಗದಲ್ಲಿದೆ. ಅದರ ಬರಹ ಲ್ಯಾಟಿನ್ನಿನಲ್ಲಿದೆ.

ನನಗೆ ಮೈ ಜುಮ್ಮೆಂದಿತು. ಮನೆಮಾತೊಂದು, ಊರಮಾತೊಂದು. ನಮ್ಮ ಹೊಸೂರು ಸೀಮೆಯ ಕಥೆ ರೋಮಿನ ನೆಲದಡಿ ಸಾವಿರದ ಎಂಟುನೂರು ವರ್ಷ ಹಿಂದೆಯೇ ನಡೆದಿತ್ತು! ಸ್ವಾಮಿಯವರ ಮೂಲಕ ನಾನು ಒಂದು ಪ್ರಶ್ನೆ ಕೇಳಿಸಿದೆ. "ಲ್ಯಾಟಿನ್ ಬಂದ ಮೇಲೆ ಗ್ರೀಕ್ ಕಲ್ಲುಗಳನ್ನು ತೆಗೆದುಹಾಕಿದರೇ?" ಗುರುಗಳು ನಕ್ಕು ಗೋಡೆಯ ಕಡೆ ಕೈ ತೋರಿಸಿದರು. "ನೋಡಿ, ಎರಡೂ ಇಲ್ಲೇ ಇವೆಯಲ್ಲ. ನಾಲ್ಕನೇ ಶತಮಾನದಲ್ಲಿ ಜಗದ್ಗುರು ದಮಾಸಸರು ಇದೇ ಕೋಣೆಯಲ್ಲಿ ಲ್ಯಾಟಿನ್ ಪದ್ಯದ ದೊಡ್ಡ ಕಲ್ಲು ಹಾಕಿಸಿದರು. ಹಳೆಯದನ್ನು ಹಾಗೇ ಬಿಟ್ಟು ಹೊಸದನ್ನು ಸೇರಿಸಿದರು."

ಇನ್ನೊಂದು ಸಂಗತಿಯನ್ನೂ ತೋರಿಸಿದರು. ಫೇಬಿಯನರು 250ನೇ ಇಸವಿಯ ಜನವರಿ 20ರಂದು, ದೇಸಿಯಸ್ ಚಕ್ರವರ್ತಿಯ ಹಿಂಸೆಯಲ್ಲಿ ಪ್ರಾಣ ಕೊಟ್ಟವರು. ಅವರ ಕಲ್ಲಿನ ಮೇಲೆ ಹೆಸರಿನ ಪಕ್ಕದಲ್ಲಿ 'ರಕ್ತಸಾಕ್ಷಿ' ಎಂಬುದರ ಗುರುತಿನ ಅಕ್ಷರಗಳಿವೆ. ಅವು ಮೊದಲು ಕೆತ್ತಿದವಲ್ಲ, ಆಮೇಲೆ ಯಾರೋ ಬಂದು ಸೇರಿಸಿದವು. ಪೊಂಟಿಯನರ ಕಲ್ಲಿನಲ್ಲೂ ಹಾಗೆಯೇ. ಪೊಂಟಿಯನರನ್ನು 235ರಲ್ಲಿ ಸಾರ್ಡೀನಿಯ ದ್ವೀಪಕ್ಕೆ ಗಡೀಪಾರು ಮಾಡಿದ್ದರು, ಅಲ್ಲಿಯೇ ತೀರಿಕೊಂಡರು. ಅವರನ್ನು ಅಲ್ಲಿಗೇ ಬಿಡಲಿಲ್ಲ. ಫೇಬಿಯನರು ಅವರ ಅಸ್ಥಿಗಳನ್ನು ಸಮುದ್ರ ದಾಟಿಸಿ ತಂದು ಈ ಕೋಣೆಯಲ್ಲಿ ತಮ್ಮವರ ಜೊತೆ ಮಲಗಿಸಿದರು. ಸಮಾಧಿಯ ಕಲ್ಲು ಹೂಳಿದ ದಿನಕ್ಕೇ ಮುಗಿದುಹೋಗುವುದಿಲ್ಲ. ಬದುಕಿರುವವರು ಮತ್ತೆ ಮತ್ತೆ ಬರುತ್ತಿದ್ದರೆ ಅದರಲ್ಲಿ ಇನ್ನೂ ಬರೆಯಲು ಜಾಗವಿರುತ್ತದೆ.

2ನೇ ಸಿಕ್ಸ್ಟಸರೂ ಇಲ್ಲಿದ್ದವರು. 258ರ ಆಗಸ್ಟ್ 6ರಂದು ಸಮಾಧಿಭೂಮಿಯಲ್ಲಿ ಪ್ರಾರ್ಥನಾ ಸಭೆ ನಡೆಸುತ್ತಿದ್ದಾಗಲೇ ಸೈನಿಕರು ಬಂದು ನಾಲ್ವರು ಸೇವಾದರ್ಶಿಗಳ ಜೊತೆ ಅವರ ತಲೆ ಕಡಿದರು. ನಾಲ್ಕು ದಿನಗಳ ನಂತರ ಅವರ ಸೇವಾದರ್ಶಿ ಸಂತ ಲಾರೆನ್ಸರು ಅದೇ ದಾರಿ ಹಿಡಿದರು. ದಮಾಸಸರಿಗೂ ಇದೇ ಕೋಣೆಯಲ್ಲಿ ಮಲಗುವ ಆಸೆಯಿತ್ತಂತೆ. ಆದರೆ ಇಂಥವರ ಅಸ್ಥಿಗಳನ್ನು ಕದಲಿಸಲು ತನಗೆ ಭಯ ಎಂದು ಅವರೇ ಕಲ್ಲಿನಲ್ಲಿ ಬರೆಸಿದ್ದಾರೆ.

ಸಿಸಿಲಿಯಮ್ಮ, ತಾರ್ಸಿಸಿಯಸ್

ಪಕ್ಕದ ಕೋಣೆ ಸಂತ ಸಿಸಿಲಿಯಮ್ಮನವರದು. ಸಂಗೀತಗಾರರ ಪಾಲಕಿ ಎಂದು ನಮ್ಮ ಗಾನವೃಂದದವರೆಲ್ಲ ನವೆಂಬರ್ 22ರಂದು ನೆನೆಯುವ ಸಂತರು ಇವರೇ. ಅವರ ಅವಶೇಷಗಳನ್ನು 821ರಲ್ಲಿ ಜಗದ್ಗುರು 1ನೇ ಪಾಸ್ಕಲರು ನಗರದೊಳಗಿನ ಅವರ ದೇವಾಲಯಕ್ಕೆ ಸಾಗಿಸಿದರು. ಇಲ್ಲಿರುವುದು ಶಿಲ್ಪಿ ಸ್ತೆಫಾನೊ ಮದೆರ್ನೊ 1600ರಲ್ಲಿ ಮುಗಿಸಿದ ಪ್ರತಿಮೆಯ ಪ್ರತಿ. ಮಗ್ಗುಲಾಗಿ ಮಲಗಿದ ಹುಡುಗಿ, ಮುಖ ನೆಲದ ಕಡೆಗೆ, ಕತ್ತಿನಲ್ಲಿ ಕತ್ತಿಯ ಗಾಯ. ಬಲಗೈಯ ಮೂರು ಬೆರಳು, ಎಡಗೈಯ ಒಂದು ಬೆರಳು ಚಾಚಿಕೊಂಡಿವೆ. ತ್ರಿತ್ವದಲ್ಲಿ ಮೂವರು, ದೇವರು ಒಬ್ಬರೇ ಎಂಬ ವಿಶ್ವಾಸವನ್ನು ಬೆರಳಿನಲ್ಲೇ ಹೇಳಿ ಪ್ರಾಣಬಿಟ್ಟರು ಎಂಬುದು ಪರಂಪರೆಯ ಮಾತು.

ನಮ್ಮ ಪೀಠಬಾಲಕರ ಪಾಲಕರಾದ ಸಂತ ತಾರ್ಸಿಸಿಯಸರನ್ನು ಹೂಳಿದ್ದೂ ಇದೇ ಭೂಮಿಯಲ್ಲಿ. ಪರಮಪ್ರಸಾದವನ್ನು ಒಯ್ಯುತ್ತಿದ್ದಾಗ ತಡೆದವರ ಕೈಗೆ ಅದನ್ನು ಕೊಡದೆ ಪ್ರಾಣ ಕೊಟ್ಟವರು ಅವರು.

ಮುಂದೆ ಚಿಕ್ಕ ಚಿಕ್ಕ ಕೋಣೆಗಳು, ಮಾಸಿದ ಬಣ್ಣದ ಚಿತ್ರಗಳು. ಮೂರನೇ ಶತಮಾನದ ಆರಂಭದವು. ದೀಕ್ಷಾಸ್ನಾನದ ಚಿತ್ರ, ರೊಟ್ಟಿ ಮತ್ತು ಮೀನಿನ ಊಟ, ತಿಮಿಂಗಿಲದ ಬಾಯಿಂದ ಹೊರಬರುವ ಯೋನ, ಸಮಾಧಿಯಿಂದ ಎದ್ದುಬಂದ ಲಾಜರ. ಓಣಿಗಳ ಕಲ್ಲುಗಳ ಮೇಲೆ ಪಾರಿವಾಳ, ಲಂಗರು, ಮೀನು. ಗ್ರೀಕಿನಲ್ಲಿ ಮೀನಿಗೆ 'ಇಖ್ಥುಸ್' ಎನ್ನುತ್ತಾರೆ. ಆ ಪದದ ಐದು ಅಕ್ಷರಗಳನ್ನು ಬಿಡಿಸಿದರೆ ಯೇಸು, ಕ್ರಿಸ್ತ, ದೇವರ, ಪುತ್ರ, ರಕ್ಷಕ ಎಂಬ ಐದು ಪದಗಳ ಮೊದಲಕ್ಷರಗಳಾಗುತ್ತವೆ. ಸಾವಿನ ಮನೆಯಲ್ಲಿ ಅಳುವ ಚಿತ್ರ ಹುಡುಕಿದರೂ ನಮಗೆ ಕಾಣಲಿಲ್ಲ. ಎಲ್ಲವೂ ಬಿಡುಗಡೆಯ ಚಿತ್ರಗಳೇ. ಕಲ್ಲುಗಳ ಮೇಲೆ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು 'ಶಾಂತಿಯಲ್ಲಿ' ಎಂಬ ಒಂದೇ ಮಾತು. ಸತ್ತವನು ಯಜಮಾನನೋ ಗುಲಾಮನೋ ಎಂದು ಹೇಳುವ ಕಲ್ಲುಗಳು ಬಹಳ ಅಪರೂಪವಂತೆ.

ಈ ಭೂಮಿಗೆ ಯಾರ ಹೆಸರಿದೆಯೋ ಆ ಕಲಿಸ್ಟಸರೇ ಮೊದಲು ಗುಲಾಮರಾಗಿದ್ದವರು, ಸಾರ್ಡೀನಿಯದ ಗಣಿಯಲ್ಲಿ ಶಿಕ್ಷೆ ಅನುಭವಿಸಿದವರು. ಜಗದ್ಗುರು ಜೆಫಿರಿನಸರು ಅವರಿಗೆ ಈ ಸಮಾಧಿಭೂಮಿಯ ಮೇಲ್ವಿಚಾರಣೆ ಒಪ್ಪಿಸಿದರು. 217ರಲ್ಲಿ ಅವರೇ ಜಗದ್ಗುರುಗಳಾದರು. ಸತ್ತವರನ್ನು ನೋಡಿಕೊಂಡವರಿಗೆ ಬದುಕಿರುವವರನ್ನು ನೋಡಿಕೊಳ್ಳುವ ಕೆಲಸವೂ ಸಿಕ್ಕಿತು. ಆದರೆ ಅವರ ಸಮಾಧಿ ಮಾತ್ರ ಇಲ್ಲಿಲ್ಲ, ಬೇರೊಂದು ದಾರಿಯಲ್ಲಿದೆ. ತಮಗೆಂದು ಜಾಗ ಕಾದಿರಿಸಿಕೊಳ್ಳದೆ ಬೇರೆಯವರ ಜಾಗ ಸಿದ್ಧಮಾಡಿದ ಮನುಷ್ಯ ಎಂದು ನಾನು ಅಂದುಕೊಂಡೆ.

ಅರ್ಧ ಹೆಸರು

ಒಂಬತ್ತನೇ ಶತಮಾನದ ಹೊತ್ತಿಗೆ ಸಂತರ ಅವಶೇಷಗಳನ್ನೆಲ್ಲ ನಗರದ ದೇವಾಲಯಗಳಿಗೆ ಸಾಗಿಸಿದ ಮೇಲೆ ಇಲ್ಲಿಗೆ ಬರುವವರು ಕಡಿಮೆಯಾದರು. ಬಾಗಿಲುಗಳು ಮಣ್ಣಿನಿಂದ ಮುಚ್ಚಿದವು. ಮೇಲೆ ದ್ರಾಕ್ಷಿ ತೋಟಗಳು ಬೆಳೆದವು. ಕೆಳಗೆ ಜಗದ್ಗುರುಗಳು ಮಲಗಿದ್ದ ಕೋಣೆಗಳಿವೆ ಎಂಬುದೇ ಮರೆತುಹೋಯಿತು.

1849ರಲ್ಲಿ ಜೊವಾನ್ನಿ ಬತ್ತಿಸ್ತ ದೆ ರೊಸ್ಸಿ ಎಂಬ ಯುವ ವಿದ್ವಾಂಸರಿಗೆ ಅಂಥ ಒಂದು ದ್ರಾಕ್ಷಿ ತೋಟದಲ್ಲಿ ಒಡೆದ ಅಮೃತಶಿಲೆಯ ಚೂರು ಕಣ್ಣಿಗೆ ಬಿತ್ತು. ಅದರಲ್ಲಿ ಇದ್ದದ್ದು ಅರ್ಧ ಹೆಸರು, '...ನೇಲಿಯಸ್, ರಕ್ತಸಾಕ್ಷಿ' ಎಂದು. ಬೇರೆ ಯಾರಾದರೂ ಆಗಿದ್ದರೆ ಅದನ್ನು ಬದಿಗೆ ಎಸೆಯುತ್ತಿದ್ದರೋ ಏನೋ. ಇದು ಕೊರ್ನೇಲಿಯಸರ ಹೆಸರಿನ ತುಂಡು ಎಂದು ದೆ ರೊಸ್ಸಿ ಊಹಿಸಿದರು. ಜಗದ್ಗುರು 9ನೇ ಪಿಯುಸರನ್ನು ಒಪ್ಪಿಸಿ ಆ ತೋಟವನ್ನು ಕೊಳ್ಳುವಂತೆ ಮಾಡಿದರು. 1852ರಲ್ಲಿ ಕೊರ್ನೇಲಿಯಸರ ಸಮಾಧಿಯೂ, ಹೆಸರಿನ ಉಳಿದರ್ಧವೂ ಸಿಕ್ಕವು. 1854ರಲ್ಲಿ ಜಗದ್ಗುರುಗಳ ಕೋಣೆಯೇ ಸಿಕ್ಕಿತು. ಅಲ್ಲಿಗೆ ಇಳಿದುಬಂದ 9ನೇ ಪಿಯುಸರು ತಮಗಿಂತ ಮುಂಚಿನವರ ಹೆಸರುಗಳನ್ನು ಕಂಡು ಕಣ್ಣೀರು ಹಾಕಿದರಂತೆ. 1930ರಲ್ಲಿ ಜಗದ್ಗುರು 11ನೇ ಪಿಯುಸರು ಈ ಭೂಮಿಯ ಉಸ್ತುವಾರಿಯನ್ನು ಸಂತ ಡಾನ್ ಬಾಸ್ಕೊರವರ ಸಲೇಸಿಯನ್ ಗುರುಗಳಿಗೆ ವಹಿಸಿದರು.

ಮಾರ್ಗದರ್ಶಿಗಳು ಇದನ್ನು ಹೇಳುತ್ತಿದ್ದಾಗ ನನ್ನ ಕಣ್ಣಿನ ಮುಂದೆ ಇದ್ದದ್ದು ನಮ್ಮ ಸಿಮೆಟ್ರಿಯ ಸುಣ್ಣ ಬಳಿದ ಕಲ್ಲು, ಅದರ ಮೇಲಿನ 'ಯಪ್ಪ'. ಅರ್ಧ ಹೆಸರೆಂದರೆ ಅಷ್ಟು ಸುಲಭವಾಗಿ ಎಸೆಯುವ ವಸ್ತುವಲ್ಲ ಎಂದು ಅಣ್ಣನ ಮಗನಿಗೆ ಹೇಳಬೇಕೆನಿಸಿತು. ಅದರ ಬೆನ್ನಿಗೇ ಇನ್ನೊಂದು ಯೋಚನೆ ಬಂತು. ದೆ ರೊಸ್ಸಿ ಬರೀ ಚೂರನ್ನು ಕಾಪಾಡಲಿಲ್ಲ, ಉಳಿದರ್ಧವನ್ನು ಹುಡುಕಿಕೊಂಡು ಹೋದರು. ನಾನು ಏನನ್ನು ಹುಡುಕಿದ್ದೆ?

ಮೇಲೆ ಬಂದ ಮೇಲೆ ನಮ್ಮ ಅಜ್ಜಿ ಮಾರ್ಗದರ್ಶಿಗಳ ಕೈ ಹಿಡಿದು ಕೇಳಿದರು. "ಆ ಹೆಸರಿಲ್ಲದ ಕೂಸುಗಳಿಗೆ ಯಾರು ಪ್ರಾರ್ಥನೆ ಮಾಡ್ತಾರೆ ಸ್ವಾಮಿ?" ಸ್ವಾಮಿಯವರು ತಿರುಗಿಸಿ ಹೇಳಿದಾಗ ಆ ಮುದಿ ಗುರುಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಪ್ರತಿ ಪೂಜೆಯಲ್ಲೂ ಸತ್ತವರಿಗಾಗಿ ಪ್ರಾರ್ಥಿಸುತ್ತೇವಲ್ಲ ಅಮ್ಮ. ಆ ಹೊತ್ತಿನಲ್ಲಿ ಇವರ ಹೆಸರೂ ಇರುತ್ತದೆ. ನಮಗೆ ಗೊತ್ತಿಲ್ಲ, ದೇವರಿಗೆ ಗೊತ್ತು" ಎಂದರು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮರುದಿನ ಮೇರಿಮಾತೆಯ ಮಹಾದೇವಾಲಯದಲ್ಲಿ ಜಗದ್ಗುರು ಫ್ರಾನ್ಸಿಸರ ಸಮಾಧಿಯನ್ನು ನೋಡಿದೆವು. 2025ರ ಏಪ್ರಿಲ್ 21ರಂದು ತೀರಿಕೊಂಡ ಅವರನ್ನು 26ರಂದು ಅಲ್ಲಿ ಮಣ್ಣುಮಾಡಿದರು. ತಮ್ಮ ಸಮಾಧಿ ನೆಲದಲ್ಲೇ ಇರಲಿ, ಅಲಂಕಾರ ಬೇಡ, ಹೆಸರೊಂದು ಸಾಕು ಎಂದು ಅವರೇ ಬರೆದಿಟ್ಟಿದ್ದರು. ಕಲ್ಲಿನ ಮೇಲೆ ಲ್ಯಾಟಿನ್ನಿನಲ್ಲಿ 'ಫ್ರಾನ್ಸಿಸ್ಕುಸ್' ಎಂಬ ಒಂದೇ ಪದ. ನೆಲದಡಿಯಲ್ಲಿ ಕಂಡ ಆ ಐದು ಕಲ್ಲುಗಳ ಸಾಲಿಗೆ ಸೇರುವಂಥ ಕಲ್ಲು. ಅದರ ಮುಂದೆ ಜನ ಸಾಲುಗಟ್ಟಿ ನಿಂತಿದ್ದರು.

ಮನೆಗೆ ಬಂದ ಮೇಲೆ

ಊರಿಗೆ ಬಂದವನೇ ಅಣ್ಣನ ಮಗನ ಮನೆಗೆ ಹೋದೆ. "ನೀನು ಅವತ್ತು ಕೇಳಿದ್ದು ಸರಿ ಕಣಪ್ಪ. ವರ್ಷಕ್ಕೆ ಒಂದೇ ಸಲ ಹೋಗ್ತಿದ್ದೆ. ತಪ್ಪು ನನ್ನದು" ಎಂದೆ. ಅವನು ನಾಚಿಕೊಂಡು, "ನಾನೂ ಹಾಗೆ ಕೇಳಬಾರದಿತ್ತು ಚಿಕ್ಕಪ್ಪ" ಎಂದ. ಅವನ ಮಕ್ಕಳಿಗೆ ಗೊಂಬೆಯ ಗುರುತಿನ ಕಥೆ ಹೇಳಿದೆ. ಅವರು ಬಾಯಿ ಬಿಟ್ಟುಕೊಂಡು ಕೇಳಿದರು.

ಆ ಭಾನುವಾರ ನಾವೆಲ್ಲ ಸೇರಿ ನೀರು, ತೆಂಗಿನ ನಾರು ತೆಗೆದುಕೊಂಡು ಹೋಗಿ ಕಲ್ಲನ್ನು ತಿಕ್ಕಿದೆವು. ಪದರ ಪದರವಾಗಿ ಸುಣ್ಣ ಬಿಟ್ಟುಕೊಂಡಿತು. ತಾತನ ಪೂರ್ತಿ ಹೆಸರು ಬಂತು, ಊರಿನ ಹೆಸರು ಬಂತು. ತೀರಿಕೊಂಡ ತಾರೀಖಿನ ಭಾಗದ ಕಲ್ಲು ಮಾತ್ರ ಚಕ್ಕೆ ಎದ್ದುಹೋಗಿತ್ತು. ನನಗೂ ಆ ತಾರೀಖು ಗೊತ್ತಿರಲಿಲ್ಲ! ತಾತನ ಕಲ್ಲಿಗಾಗಿ ಜಗಳವಾಡಿದ ಮನುಷ್ಯನಿಗೆ ತಾತ ಸತ್ತ ದಿನ ತಿಳಿಯದು. ಧರ್ಮಕೇಂದ್ರದ ಗುರುಗಳನ್ನು ಕೇಳಿಕೊಂಡಾಗ ಅವರು ಹಳೆಯ ಮರಣ ದಾಖಲೆ ಪುಸ್ತಕವನ್ನು ತೆಗೆದು ತೋರಿಸಿದರು. ಅದರಲ್ಲಿ ಲ್ಯಾಟಿನ್ನಿನಲ್ಲಿ ಒಂದೇ ಸಾಲು. ಹೆಸರು, ವಯಸ್ಸು, ತಾರೀಖು, ಅಂತ್ಯಸಂಸ್ಕಾರ ಪಡೆದ ವಿವರ. ಉಳಿದರ್ಧ ಅಲ್ಲಿತ್ತು.

ಹಳೆಯ ಕಲ್ಲನ್ನು ಹಾಗೇ ಬಿಟ್ಟಿದ್ದೇವೆ. ಅದರ ಪಾದದ ಹತ್ತಿರ ಒಂದು ಚಿಕ್ಕ ಕಲ್ಲು ಹಾಕಿಸಿದ್ದೇವೆ, ಅದೇ ಹೆಸರು ಮತ್ತು ತಾರೀಖು, ಕನ್ನಡದಲ್ಲೂ ತಮಿಳಿನಲ್ಲೂ. ಗ್ರಾನೈಟಿಗೆಂದು ಅಣ್ಣನ ಮಗ ತೆಗೆದಿಟ್ಟಿದ್ದ ಹಣದಲ್ಲಿ ಉಳಿದದ್ದನ್ನು ಸಿಮೆಟ್ರಿಯ ಬೇಲಿಗೆ ಕೊಟ್ಟ. ಇನ್ನು ಮೇಕೆಗಳಿಗೆ ಸ್ವಲ್ಪ ಕಷ್ಟ. 2025ರ ನವೆಂಬರ್ 2ರಂದು ಅವನ ಚಿಕ್ಕ ಮಗಳು ತಮಿಳಿನ ಸಾಲನ್ನು ಗಟ್ಟಿಯಾಗಿ ಓದಿ, ಆಮೇಲೆ ಬೆರಳಿಟ್ಟು ಕನ್ನಡದ ಅಕ್ಷರಗಳನ್ನು ಒಂದೊಂದಾಗಿ ನನ್ನಿಂದ ಹೇಳಿಸಿಕೊಂಡಳು.

ಪ್ರಿಯರೇ, ಈ ತಿಂಗಳು ಪ್ರತಿ ಕುಟುಂಬವೂ ಮಾಡಬಹುದಾದ ಕೆಲವು ಕೆಲಸಗಳನ್ನು ಹೇಳಿ ಮುಗಿಸುತ್ತೇನೆ. ನವೆಂಬರ್ 1ರಿಂದ 8ರವರೆಗೆ ಸಮಾಧಿಭೂಮಿಗೆ ಹೋಗಿ ಮೃತರಿಗಾಗಿ ಪ್ರಾರ್ಥಿಸುವವರು ಶುದ್ಧೀಕರಣ ಸ್ಥಳದ ಆತ್ಮಗಳಿಗಾಗಿ ಪೂರ್ಣ ದಂಡವಿಮೋಚನೆ ಪಡೆಯಬಹುದು ಎಂದು ಧರ್ಮಸಭೆ ಕಲಿಸುತ್ತದೆ. ಪಾಪದ ಮೇಲಿನ ಆಸೆಯನ್ನೆಲ್ಲ ಬಿಟ್ಟು, ಪಾಪನಿವೇದನೆ ಮಾಡಿ, ಪರಮಪ್ರಸಾದ ಸ್ವೀಕರಿಸಿ, ಜಗದ್ಗುರುಗಳ ಉದ್ದೇಶಗಳಿಗಾಗಿ ಪ್ರಾರ್ಥಿಸಬೇಕು. ಮಕ್ಕಳನ್ನು ಕರೆದುಕೊಂಡು ಹೋಗಿ. ಕಲ್ಲಿನ ಮೇಲಿನ ಹೆಸರನ್ನು ಅವರಿಂದ ಓದಿಸಿ. ಓದಲು ಬರದಿದ್ದರೆ ನೀವು ಓದಿ ಹೇಳಿ, ಅವರು ಹೇಗಿದ್ದರು ಎಂದು ಒಂದು ಕಥೆಯನ್ನೂ ಹೇಳಿ. ನಿಮ್ಮ ಹಿರಿಯರ ಹೆಸರು, ತೀರಿಕೊಂಡ ದಿನ ಗೊತ್ತಿಲ್ಲದಿದ್ದರೆ ಧರ್ಮಕೇಂದ್ರದ ಪುಸ್ತಕದಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಹಿಂತಿರುಗುವಾಗ ಕಲ್ಲಿಲ್ಲದ, ಹೆಸರಿಲ್ಲದ, ಬರೀ ಮಣ್ಣಿನ ದಿಬ್ಬವಾಗಿ ಉಳಿದ ಒಂದು ಸಮಾಧಿಯ ಮುಂದೆಯೂ ಒಂದು ಮೇಣದಬತ್ತಿ ಹಚ್ಚಿ.

ನಮ್ಮ ಸಿಮೆಟ್ರಿ ಎಂಬುದು ಮಲಗುವ ಮನೆ. ಒಂದು ದಿನ ನಾವೂ ಅಲ್ಲಿಯೇ ಮಲಗುವವರು. ಎದ್ದೇಳುವ ಬೆಳಗಿನವರೆಗೆ ಅಲ್ಲಿರುವ ಎಲ್ಲರಿಗೂ ಪ್ರಭು ನಿತ್ಯ ವಿಶ್ರಾಂತಿಯನ್ನು ಕರುಣಿಸಲಿ. ನಮಗೆ, ಅವರ ಹತ್ತಿರ ಹೋಗಿಬರುವ ಮನಸ್ಸನ್ನು ಕೊಡಲಿ.